ಹಾರವಿಲ್ಲದ ಪಟ

ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಭದ್ರಮ್ಮ ಗೇಟಿನ ಬೀಗ ತೆಗೆದು, ಪೊರಕೆ ಹಿಡಿಯುವ ಮೊದಲು ಸೆರಗಿನ ತುದಿ ಒದ್ದೆ ಮಾಡಿಕೊಂಡು ಒಂದು ಪಟದ ಗಾಜು ಒರೆಸುತ್ತಾರೆ. ಪಟದಲ್ಲಿ ಅಗಲ ಟೋಪಿ, ಎದೆಯ ಮೇಲೊಂದು ಪದಕ, ನಗಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ಮುಖ. "ಶಾನೆ ಧೂಳು ಕಣಣ್ಣ ಇವತ್ತು" ಎಂದು ಅದಕ್ಕೊಂದು ಮಾತು ಹೇಳಿಯೇ ಅಂಗಳ ಗುಡಿಸಲು ಇಳಿಯುತ್ತಾರೆ. ಲಾರಿಗಳು ಬರುವಷ್ಟರಲ್ಲಿ ಅಷ್ಟೂ ಅಂಗಳ ಒಬ್ಬರೇ ಮುಗಿಸಬೇಕು. ಸೊಂಟ ಹಿಡಿದುಕೊಂಡರೆ ಕೇಳುವವರಿಲ್ಲ.

ಪಟದಲ್ಲಿರುವವರು ನೇಪಾಳದ ಧನ್ ಬಹಾದೂರ್. ನಮ್ಮ ಸೈನ್ಯದಲ್ಲಿದ್ದು ಅರವತ್ತೈದರ ಯುದ್ಧದಲ್ಲಿ ಹೋರಾಡಿ, ನಿವೃತ್ತರಾದ ಮೇಲೆ ಇಲ್ಲಿಗೆ ಬಂದು ಮಂಡಿಯ ಕಾವಲಿಗೆ ನಿಂತವರು. ಊರಿಗೆಲ್ಲ ಬಾದೂರಣ್ಣ. ಒಂದು ಗಣರಾಜ್ಯೋತ್ಸವಕ್ಕೆ ವ್ಯಾಪಾರಿಗಳು ತುಮಕೂರಿನ ಬಟವಾಡಿಯಲ್ಲಿ ಬೋರ್ಡು ಬರೆಯುವವರಿಂದ ಈ ಚಿತ್ರ ಬರೆಸಿ ಸನ್ಮಾನ ಮಾಡಿದ್ದರು.

ಭದ್ರಮ್ಮ ಹುತ್ರಿದುರ್ಗದ ಕಡೆಯವರು. ಗಂಡ ತೀರಿಕೊಂಡಾಗ ಮಗಳು ಹೇಮಶ್ರೀ ಕೈಗೂಸು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗುಡಿಸಲಾಗದೆ ಕೆಲಸ ಬಿಡುವ ಯೋಚನೆಯಲ್ಲಿದ್ದಾಗ ಬಾದೂರಣ್ಣ ಗೇಟಿನ ಪಕ್ಕದ ತಮ್ಮ ಕೋಣೆಯಲ್ಲಿ ಹಳೇ ಸೀರೆಯ ಜೋಲಿ ಕಟ್ಟಿಕೊಟ್ಟರು. "ಯುದ್ಧ ಮಾಡಿದ್ ಕೈ ಸ್ವಾಮಿ, ನನ್ ಮಗಳ ಜೋಲಿ ತೂಗ್ತು" ಎನ್ನುವಾಗ ಭದ್ರಮ್ಮನ ಕಣ್ಣು ತುಂಬುತ್ತದೆ. ಆ ಕೂಸು ಇಂದು ತುಮಕೂರಿನಲ್ಲಿ ನರ್ಸು.

ಇಪ್ಪತ್ತು ವರ್ಷಗಳ ಹಿಂದೆ ಬಾದೂರಣ್ಣ ರಜೆ ಹಾಕಿ ಊರಿಗೆ ಹೊರಟವರು ಮರಳಲಿಲ್ಲ. ಬರೆಸಿದ ಕಾಗದಗಳಿಗೆ ಉತ್ತರವಿಲ್ಲ. ಈಚೆಗೆ ಮಂಡಿಗೆ ಹೊಸ ಕಟ್ಟಡವಾಯಿತು. ಸಭಾಂಗಣದಲ್ಲಿ ಗತಿಸಿದ ಹಿರಿಯರ ಸಾಲಿನಲ್ಲಿ ಬಾದೂರಣ್ಣನೂ ಇರಲಿ ಎಂದು ಕಾರ್ಯದರ್ಶಿ ಗಂಗಾಧರ್ ಒಳ್ಳೆಯ ಮನಸ್ಸಿನಿಂದಲೇ ಗಂಧದ ಹಾರ ತಂದರು. ಭದ್ರಮ್ಮ ಪಟ ಬಿಟ್ಟುಕೊಡಲಿಲ್ಲ. ಸತ್ತಿದ್ದನ್ನು ಕಂಡವರಿಲ್ಲ, ಹಾರ ಹೇಗೆ ಹಾಕುವುದು ಎಂಬುದು ಅವರ ಹಟ. ಹಾರವಿಲ್ಲದಿದ್ದರೆ ಆ ಸಾಲಿನಲ್ಲಿ ಜಾಗವಿಲ್ಲ, ಪಟ ಹಳೇ ಸಾಮಾನಿನ ಜೊತೆ ಗೋದಾಮಿಗೆ ಹೋಗಬೇಕು. ಭದ್ರಮ್ಮನಿಗೆ ಊಟ ಸೇರಲಿಲ್ಲ. ಅಣ್ಣನಿಗೊಂದು ಗೋಡೆ ಬೇಕು, ಆದರೆ ಆ ಗೋಡೆಗಾಗಿ ಅವರನ್ನು ಸಾಯಿಸಲು ಮನಸ್ಸು ಒಪ್ಪದು.

ಕೊನೆಗೆ ತಾವೇ ಹೋಗಿ ಕಾರ್ಯದರ್ಶಿಯ ಮುಂದೆ ನಿಂತರು. "ಸಾರ್, ಹೋಗ್ಬರ್ತೀನಿ ಅಂತ ನನ್ ಮುಂದೇನೇ ಹೇಳ್ ಹೋಗವ್ರೆ. ರಜದ ಮೇಲಿರೋರ್ಗೆ ಯಾರಾದ್ರೂ ಹಾರ ಹಾಕ್ತಾರಾ? ವಾಚ್‌ಮನ್ ರೂಮ್ನಾಗೆ ನೇತಾಕ್ಬುಡಿ. ಅವ್ರ ಜಾಗದಾಗೆ ಅವ್ರಿರ್ಲಿ."

ಗಂಗಾಧರ್ ತಲೆ ಕೆರೆದುಕೊಂಡರು, ನಕ್ಕರು, ಮೊಳೆ ತರಿಸಿದರು. ಸಭೆ ಸೇರದೆ ಈ ಮಂಡಿಯಲ್ಲಿ ಆದ ತೀರ್ಮಾನ ಇದೊಂದೇ ಇರಬೇಕು. ಗಂಧದ ಹಾರ ಅವರ ಬೀರುವಿನಲ್ಲಿ ಹಾಗೇ ಇದೆ.

ಈಗ ಹೊಸ ಗೇಟಿನ ಪಕ್ಕದ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ಪಟವಿದೆ. ಕೊಬ್ಬರಿ ತರುವ ಹಳೇ ರೈತರು ಒಳಬರುವಾಗ ಅದಕ್ಕೊಂದು ಸಲಾಮು ಹೊಡೆಯುತ್ತಾರೆ. ಬಾದೂರಣ್ಣನಿಗೆ ಎಂಬತ್ತಾದರೂ ಆಗಿರಬೇಕು, ನಿಜಕ್ಕೂ ಬರುತ್ತಾರೆಯೇ ಎಂದು ಕೇಳಿದರೆ ಭದ್ರಮ್ಮ ಗಾಜಿನ ಮೂಲೆಯನ್ನು ಇನ್ನೊಮ್ಮೆ ಒರೆಸುತ್ತಾರೆ.

"ನಂಗೂ ಗೊತ್ತು ಬುಡಿ. ಆದ್ರೂ ಬಂದ್ರು ಅಂದ್ಕೊಳಿ, ಈ ಹೊಸ ಬಿಲ್ಡಿಂಗ್ ನೋಡಿ ಯಾವ್ದೋ ಬೇರೆ ಊರು ಅಂತ ವಾಪಸ್ ಹೊಂಟೋಗ್ಬಾರ್ದು. ಬಾಗ್ಲಲ್ಲೇ ಅವ್ರ ಮುಖ ಅವ್ರಿಗೆ ಕಾಣ್ಲಿ."