ಇದ್ದಿಲು ಬಸ್ಸಿನ ಮಸಿ, ನನ್ನ ಟಾಂಗಾದ ಧೂಳು

ಗೆಳೆಯರೇ, ಯುದ್ಧದಿಂದ ಪೆಟ್ರೋಲು ಸಿಗದೆ ಸವಣೂರಿಗೆ ಇದ್ದಿಲು ಉರಿಸಿ ಓಡಿಸುವ ಬಸ್ಸು ಬಂದಿದೆ. ಎಲ್ಲರೂ ಅದನ್ನೇ ಹತ್ತುತ್ತಾರೆ. ನನ್ನ ಟಾಂಗಾ ಖಾಲಿ. ಆ ಡ್ರೈವರನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇಂದು ಬೆಳಿಗ್ಗೆ ಸೇವು-ಖಾರ ಮಾರುವ ಅಂಗಡಿಯ ಶಾಂತಕ್ಕನಿಗೆ, "ಅಕ್ಕಾ, ನಿಮ್ಮ ಖಾರದ ಮ್ಯಾಲೆ ಬೀಳೋದು ಬಸ್ಸಿನ ಮಸಿರಿ. ಅದನ್ನ ಇಲ್ಲಿ ನಿಂದರಸಬ್ಯಾಡ ಅನ್ರಿ" ಎಂದೆ.

ಶಾಂತಕ್ಕ ಪರೀಕ್ಷೆಗೇ ಇಳಿದರು. ಬಸ್ಸು ನಿಂತಷ್ಟು ಹೊತ್ತು ಅಂಗಡಿಯ ಮುಂದೆ ಒಂದು ಒದ್ದೆ ಬಿಳಿ ಬಟ್ಟೆ ಕಟ್ಟಿದರು. ಆಮೇಲೆ ನನ್ನ ಟಾಂಗಾ ನಿಂತಾಗ ಅಷ್ಟೇ ಹೊತ್ತು ಇನ್ನೊಂದು ಕಟ್ಟಿದರು. ಮೊದಲನೆಯದರಲ್ಲಿ ನಾಲ್ಕಾರು ಕರಿ ಚುಕ್ಕಿಗಳಿದ್ದವು. ನನ್ನ ಕುದುರೆ ನೆಲ ಕೆರೆಯುತ್ತ ನಿಂತದ್ದರಿಂದ ಎರಡನೆಯದು ಧೂಳಿನಿಂದ ಪೂರ್ತಿ ಕೆಂಪಾಗಿತ್ತು.

"ನೋಡಪಾ, ಧೂಳ ಎಬ್ಬಸಾವ ಯಾರಂತ. ನೀರ ಹೊಡಿ" ಎಂದು ಕೊಡ ಕೊಟ್ಟರು.

ನಾಚಿಕೆಯಿಂದ ಅಂಗಡಿಯ ಮುಂದೆಲ್ಲ ನೀರು ಹೊಡೆದೆ. ಮಧ್ಯಾಹ್ನ ಬಸ್ಸು ಅದೇ ಹಸಿ ನೆಲದ ಮೇಲೆ ಬಂದು ನಿಂತಿತು. ಇಳಿದ ಹಿರಿಯರೊಬ್ಬರು ತಮ್ಮ ಧೋತರ ನೋಡಿಕೊಂಡು, "ಬಸ್ಸಿನ್ಯಾಗ ಬಂದ್ರ ಇದ ಸುಖ ನೋಡ್ರಿ, ಇಳಿದ್ರೂ ಒಂಚೂರು ಧೂಳಿಲ್ಲ" ಎಂದರು. ಡ್ರೈವರ್ ಹೊಗಳಿಕೆ ತನ್ನದೇ ಎಂಬಂತೆ ನಕ್ಕ.

ನೀರು ಹೊಡೆದವನು ನಾನು ಎಂದು ಹೇಳೋಣವೆಂದರೆ, ಧೂಳು ಎಬ್ಬಿಸಿದವನೂ ನಾನೇ ಎಂದು ಹೇಳಬೇಕಾಗುತ್ತಿತ್ತು.