ಹಾಲಿನಕ್ಕನ ವ್ಯಾನು

ಹಾಲಿನಕ್ಕನ ವ್ಯಾನನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಬಾರದು ಎಂಬುದು ಆ ಗುಡ್ಡದ ಊರಿನಲ್ಲಿ ಹಸುಗೂಸಿಗೂ ಗೊತ್ತಿತ್ತು. ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ! ಮನೆ ಮುಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಬೇಕು. ಬೆಳಗ್ಗೆ ಕಲ್ಲು ತೆಗೆದರೆ ತಾನಾಗಿ ಉರುಳಿ, ನಾಲ್ಕು ಸಲ ಕೆಮ್ಮಿ, ಆಮೇಲೆ ಹೊರಡುತ್ತಿತ್ತು.

ಅಂಥ ವ್ಯಾನನ್ನು ಅವತ್ತು ಅಕ್ಕನ ಗಂಡ ಹಿತ್ತಲಿನ ನಲ್ಲಿಯ ಪಕ್ಕಕ್ಕೆ ತಂದು ನಿಲ್ಲಿಸಿ, ಸೋಪು ಹಾಕಿ ತೊಳೆದುಬಿಟ್ಟಿದ್ದರು. ಅದೂ ಎಂಜಿನ್ ಆಫ್ ಮಾಡಿ! ಸೊಂಟ ಬಿದ್ದುಹೋಗುವ ತನಕ ಮೂವತ್ತು ವರ್ಷ ಅದೇ ವ್ಯಾನು ಓಡಿಸಿದ ಮನುಷ್ಯ. ಖುಷಿ ತಲೆಗೇರಿದರೆ ಹೀಗೇ ನೋಡಿ.

ಖುಷಿಗೆ ಕಾರಣವಿತ್ತು. ಊರಿನ ಐವರು ಮಕ್ಕಳು ಹತ್ತನೇ ತರಗತಿ ಪಾಸಾಗಿದ್ದರು. ಗುಡ್ಡದ ಕೆಳಗಿನ ಶಾಲೆಯಲ್ಲಿ ಹತ್ತು ಗಂಟೆಗೆ ಸರ್ಟಿಫಿಕೇಟ್ ಕೊಡುವ ಸಮಾರಂಭ. ಕೊಟ್ಟು ಮುಗಿಸಿ ಶಿಕ್ಷಣ ಇಲಾಖೆಯ ಸಾಹೇಬರು ಇನ್ನೊಂದು ಶಾಲೆಗೆ ಹೋಗುವವರು. ಬಾರದವರ ಸರ್ಟಿಫಿಕೇಟ್ ಪೇಟೆಯ ಆಫೀಸಿಗೆ ವಾಪಸ್. ಕಾಲೇಜಿಗೆ ಅರ್ಜಿ ಹಾಕಲು ಮರುದಿನವೇ ಕೊನೆ. ಅರ್ಜಿ ತಪ್ಪಿದರೆ ಈ ಮಕ್ಕಳಿಗೆ ಉಳಿದದ್ದು ಕಲ್ಲಿನ ಕ್ವಾರಿಯೇ, ಅವರ ಅಪ್ಪ ಅಮ್ಮಂದಿರ ಹಾಗೆ.

ಮೂರು ವರ್ಷದ ಹಿಂದೆ, ಜನ ಸಾಲದೆಂದು ಬಸ್ಸು ನಿಂತಾಗ, ಈ ಐವರೂ ಎಂಟನೇ ತರಗತಿಗೆ ಹೋಗಲಾಗದೆ ಮನೆಯಲ್ಲಿ ಕೂತಿದ್ದರು. ಹಾಲಿನಕ್ಕನೂ ಹಿಂದೆ ಹೀಗೇ ಕೂತವಳು. ಒಂಬತ್ತು ಮೈಲಿ ಯಾರು ನಡೆದಾರು ಎಂದು ಏಳನೆಯದಕ್ಕೇ ಬಿಡಿಸಿದ್ದರು. ಆ ಉರಿ ಅವಳ ಹೊಟ್ಟೆಯಲ್ಲಿ ಹಾಗೇ ಇತ್ತು. "ಕ್ಯಾನ್‌ಗಳ ಮಧ್ಯೆ ಕೂತ್ಕೋತೀರಾ? ಹಾಗಾದ್ರೆ ಹತ್ರೋ!" ಎಂದಳು. ಅಷ್ಟೇ. ಮೂರು ವರ್ಷ ಮಕ್ಕಳು ಹಾಲಿನ ವಾಸನೆ ಹೊಡೆಯುತ್ತಾ ಶಾಲೆಗೆ ಹೋದರು. ವ್ಯಾನು ಒಂದು ದಿನವೂ ಮೊದಲ ಬೆಲ್ ತಪ್ಪಿಸಲಿಲ್ಲ.

ನಡುವೆ ಒಮ್ಮೆ ಸಿಡುಕಿ ಕೈಕೊಟ್ಟಳು. ಸಿಡುಕಿ ಎಂದರೆ ಐವರಲ್ಲಿ ಹಿರಿಯವಳು, ಮೂಗಿನ ತುದಿಯಲ್ಲೇ ಸಿಟ್ಟು. ಒಂಬತ್ತನೆಯದರ ನಡುವೆ ಶಾಲೆ ಬಿಟ್ಟು ಕ್ವಾರಿಗೆ ಹೊರಟಿದ್ದಳು. ಹಾಲಿನಕ್ಕ ಬುದ್ಧಿವಾದ ಗಿದ್ಧಿವಾದ ಏನೂ ಹೇಳಲಿಲ್ಲ. ದಿನಾ ಬೆಳಗ್ಗೆ ಅವರ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆದಳು. ಹನ್ನೊಂದು ದಿನ! ಹನ್ನೆರಡನೆಯ ದಿನ ಹುಡುಗಿಯ ಅಪ್ಪನೇ ಆಚೆ ಬಂದು, "ಕರ್ಕೊಂಡು ಹೋಗು ತಾಯಿ, ನಮ್ಮ ಕಿವಿ ಉಳಿಸು," ಎಂದು ಕೈಮುಗಿದ.

ಇಷ್ಟೆಲ್ಲ ಮಾಡಿ, ಕೊನೆಯ ದಿನ ವ್ಯಾನು ನಲ್ಲಿಯ ಪಕ್ಕ ಹೆಣದ ಹಾಗೆ ನಿಂತಿದೆ! ಬೆಳಗಿನ ಹಾಲು ಮುಟ್ಟಿಸಿ ಬಂದು, ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಹೊರಬಂದ ಹಾಲಿನಕ್ಕ ಸೆರಗು ಸಿಕ್ಕಿಸಿ ನೇರ ನಲ್ಲಿಯ ಹತ್ತಿರ ನಡೆದಳು.

"ರೀ, ನಿಮಗೇನ್ರೀ ಬಂದಿದ್ದು ದೊಡ್ಡ ರೋಗ?"

"ಮಕ್ಕಳು ಹೊಳೆಯೋ ಗಾಡೀಲಿ ಹೋಗ್ಲಿ ಅಂತ ಕಣೇ..." ಯಜಮಾನರ ಕೈಯಲ್ಲಿ ಇನ್ನೂ ಒದ್ದೆ ಬಟ್ಟೆ. ಮುಖ ನೋಡಲಾಗುತ್ತಿರಲಿಲ್ಲ. ಅವಳು ಬೈಯುವುದು ಬಿಟ್ಟು ಆ ಬಟ್ಟೆ ಇಸಿದುಕೊಂಡಳು.

ಇಸ್ತ್ರಿ ಹಾಕಿದ ಬಿಳಿ ಬಟ್ಟೆಯಲ್ಲಿ ಬಂದ ಐವರೂ ಒಂದು ನೋಟದಲ್ಲೇ ಎಲ್ಲ ತಿಳಿದುಕೊಂಡರು. ಸಿಡುಕಿ ಚಪ್ಪಲಿ ಬಿಟ್ಟು, ತೋಳು ಮಡಚಿದಳು. "ಅಕ್ಕಾ, ನೀವು ಹತ್ತಿ. ಏನ್ರೋ ನೋಡ್ತೀರಾ, ನೂಕ್ರೋ!"

ಇಳಿಜಾರು ಇನ್ನೂರು ಹೆಜ್ಜೆ ದೂರ. ಸೋಪಿನ ನೀರಿನ ಕೆಸರು ಬೇರೆ. ಒಬ್ಬ ಬಿದ್ದ, ಎದ್ದ. ಯಜಮಾನರೂ ಸೊಂಟ ಹಿಡಿದುಕೊಂಡು ಬಂದರು. "ನೀವು ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಅಕ್ಕ ಒಳಗಿನಿಂದಲೇ ಗದರಿದಳು. ಇಳಿಜಾರಿನ ಅಂಚು ದಾಟಿದ್ದೇ ವ್ಯಾನು ಉರುಳಿತು, ಕೆಮ್ಮಿತು, ಮಕ್ಕಳ ಮೇಲೆಲ್ಲ ಕರಿಹೊಗೆ ಉಗುಳಿ ಎದ್ದಿತು. ಐವರೂ ಕೂಗುತ್ತಾ ಓಡಿಬಂದು ಹತ್ತಿದರು.

ದಾರಿಯುದ್ದಕ್ಕೂ ಹಾಲಿನಕ್ಕನಿಗೆ ಇನ್ನೊಂದು ಸಂಕಟ. ಪ್ರತಿ ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ವೇದಿಕೆ ಹತ್ತಬೇಕೆಂಬುದು ಆ ಶಾಲೆಯ ಪದ್ಧತಿ. ಈ ಮಕ್ಕಳ ಅಪ್ಪ ಅಮ್ಮಂದಿರು ಒಂದು ದಿನ ಕ್ವಾರಿ ತಪ್ಪಿಸಿದರೆ ಮರುದಿನ ಆ ಜಾಗದಲ್ಲಿ ಬೇರೆ ಆಳು. "ಒಬ್ಬೊಬ್ರೇ ಹತ್ತೀರೇನ್ರೋ?" ಎಂದು ಕೇಳಿದಳು. ಹಿಂದೆ ಐವರೂ ಒಬ್ಬರನ್ನೊಬ್ಬರು ತಿವಿದುಕೊಂಡರು.

ಶಾಲೆ ಮುಟ್ಟಿದಾಗ ಹತ್ತಕ್ಕೆ ಎರಡು ನಿಮಿಷ. ಹಾಲಿನಕ್ಕ ಬಾಗಿಲ ಹತ್ತಿರ, ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಹೆಡ್‌ಮಿಸ್ ಮೈಕಿನ ಮುಂದೆ ನಿಂತು, ಮಕ್ಕಳು ಮೊದಲೇ ತುಂಬಿಕೊಟ್ಟಿದ್ದ ಚೀಟಿಗಳನ್ನು ಓದತೊಡಗಿದರು. ಗುಡ್ಡದ ಊರಿನ ಮೊದಲ ಚೀಟಿ ಬಂತು. "ಜೊತೆಗೆ ಬರುವವರು, ಹಾಲಿನಕ್ಕ. ಸಂಬಂಧ, ಚಿಕ್ಕಮ್ಮ."

"ಅಯ್ಯೋ, ನಾನಾ!" ಎಂದು ಅವಳು ಎದ್ದಳು. ಹತ್ತಿ ಇಳಿದು ಬೆಂಚು ಮುಟ್ಟುವುದರೊಳಗೆ ಇನ್ನೊಂದು ಚೀಟಿ. "ಹಾಲಿನಕ್ಕ. ಸೋದರತ್ತೆ." ಮತ್ತೊಂದು, ದೊಡ್ಡಮ್ಮ. ನಾಲ್ಕನೆಯವನು ಅಜ್ಜಿ ಎಂದು ಬರೆದಿದ್ದ. "ನಿನ್ನ ಹಲ್ಲುದುರಿಸ್ತೀನಿ, ಬಾ," ಎಂದು ಅವನ ಕಿವಿ ಹಿಡಿದೇ ಹತ್ತಿದಳು. ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು.

ಕೊನೆಗೆ ಸಿಡುಕಿಯ ಚೀಟಿ. ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡು ಓದಿದರು. "ಹಾಲಿನಕ್ಕ. ಸಂಬಂಧ, ನನ್ನನ್ನು ಕರೆದುಕೊಂಡು ಬಂದವರು."

ಸಿಡುಕಿ ಕೆಸರಿನ ಬಟ್ಟೆಯಲ್ಲೇ ಬಂದು ಅಕ್ಕನ ಮುಂದೆ ಕೈ ಚಾಚಿದಳು. ಅವಳಿಗೂ ಅಳು ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಅಕ್ಕ ಏದುಸಿರು ಬಿಡುವುದನ್ನು ಕಂಡು ಹೆಡ್‌ಮಿಸ್, "ಅಮ್ಮಾ, ಎಷ್ಟು ಸಲ ಹತ್ತಿ ಇಳಿತೀರಿ? ನಾವೇ ಕೆಳಗೆ ಬಂದು ಕೊಡ್ತೀವಿ, ಅಲ್ಲೇ ಇರಿ," ಎಂದರು.

"ಬೇಡಿ ಮಿಸ್," ಎಂದಳು ಹಾಲಿನಕ್ಕ, ಕಣ್ಣೊರೆಸಿಕೊಂಡು. "ಐದನೇ ಸಲಾನೂ ಹತ್ತೇ ಹತ್ತುತೀನಿ. ನಾನು ಓದೋ ಕಾಲಕ್ಕೆ ಒಂದ್ಸಲಾನೂ ಹತ್ಲಿಲ್ಲ."

ಸೀರೆಯ ನೆರಿಗೆ ಎತ್ತಿ ಹಿಡಿದು, ಸಿಡುಕಿಯ ಕೈ ಬಿಡದೆ, ಹತ್ತಿದಳು.