ಅಳತೆ ತಪ್ಪಿದ ಜೇಬುಗಳು

ಶಾಲೆಯ ಹೊಲಿಗೆ ಟೀಚರಿಗೆ ಯಂತ್ರದ ಜೊತೆ ಮಾತಾಡುವ ಅಭ್ಯಾಸ. ದಾರ ಕಡಿದರೆ ಅದರ ಬೆನ್ನು ಸವರಿ, "ಯಾಕಮ್ಮ ಮುನಿಸು? ಬಾ, ಈ ತೋಳೊಂದು ಮುಗಿಸೋಣ" ಎನ್ನುವರು. ಗಂಡ ತೀರಿಕೊಂಡ ಮೇಲೆ ಅಂಟಿದ ಚಾಳಿ ಎಂದು ಜೊತೆಗಿರುವ ತಂಗಿ ಹೇಳುತ್ತಾಳೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನು ಮೊಬೈಲಿನಲ್ಲಿ ಹಿಡಿದು, ಕುಣಿತದ ಹಾಡೊಂದನ್ನು ಸೇರಿಸಿ ಗೆಳತಿಯರಿಗೆ ಕಳಿಸಿದಳು. ಸಂಜೆಯೊಳಗೆ ಊರೆಲ್ಲ ನೋಡಿತು. ನೋಡದೆ ಉಳಿದವರು ಟೀಚರ್ ಒಬ್ಬರೇ. ಅವರದು ಗುಂಡಿ ಒತ್ತುವ ಪುಟ್ಟ ಫೋನು. ಸುದ್ದಿ ಮಾತ್ರ ಅವರ ಕಿವಿಗೂ ಬಿತ್ತು.

ಅವತ್ತಿನಿಂದ ಅವರು ಯಂತ್ರದ ಮುಂದೆ ಕೂರಲಿಲ್ಲ. ಹಲಗೆಯ ಮೇಲೆ ಅಳತೆ ಬರೆದು, ಕಿಟಕಿಯ ಬಳಿ ನಿಂತಿರುವರು. ಅಳಲಿಲ್ಲ, ಸಿಡುಕಲಿಲ್ಲ. ತಂಗಿ ಸಾರಿಗೆ ಉಪ್ಪು ಮರೆತರೂ ಉಂಡು ಏಳುವರು.

"ಅಕ್ಕಾ, ಒಂದ್ಸಲ ಬೈದಾದ್ರೂ ಬಿಡೇ."

"ಯಾರನ್ನ?"

ತಂಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮುಖ್ಯೋಪಾಧ್ಯಾಯಿನಿ ಮಕ್ಕಳು, ಪೋಷಕರು, ಶಿಕ್ಷಕರನ್ನು ಒಟ್ಟಿಗೆ ಕೂರಿಸಿ ನಿಯಮ ಮಾಡಲು ಹೊರಟರು. ಪಾಠದ ಹೊತ್ತಿನಲ್ಲಿ ಮಕ್ಕಳ ಮೊಬೈಲು ಗೋಡೆಗೆ ತೂಗುಹಾಕಿದ ಬಟ್ಟೆಯ ಜೇಬುಗಳಲ್ಲಿ ಇರಬೇಕು ಎಂದಾಯಿತು. ಹೊಲಿಯುವವರು ಇನ್ಯಾರು? ಟೀಚರ್ ತಲೆಯಾಡಿಸಿದರು. ಮನೆಯಲ್ಲಿ ಕೂತು, ಯಂತ್ರ ಮುಟ್ಟದೆ, ಕೈಯಲ್ಲೇ ಹೊಲಿದು ಮುಂದಿನ ಸಭೆಗೆ ತಂದರು.

ಗಣಿತದ ಮೇಷ್ಟ್ರು ತಮ್ಮ ಮೊಬೈಲನ್ನು ಜೇಬಿಗೆ ತುರುಕಿ ನೋಡಿದರು. ಅರ್ಧವೂ ಇಳಿಯಲಿಲ್ಲ.

"ಏನ್ ಟೀಚರೇ, ಬೀಗದ ಕೈಗೆ ಹೊಲಿದ್ರಾ?"

ಎಲ್ಲರೂ ನಕ್ಕರು.

"ನನ್ನ ಫೋನ್ ಇಟ್ಟು ಅಳತೆ ತಗೊಂಡೆ" ಎಂದರು ಟೀಚರ್. ಹವಾಮಾನ ಹೇಳಿದಷ್ಟು ಸಪ್ಪೆಯಾಗಿ. "ನಿಮ್ಮದು ಇಷ್ಟು ದೊಡ್ಡದು ಅಂತ ಹೊಳೀಲಿಲ್ಲ. ಅದರಲ್ಲಿ ನಾನೂ ಇದೀನಂತೆ. ಇನ್ನೂ ಇದೀನಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹಿಂದಿನ ಬೆಂಚಿನಿಂದ, ವಿಡಿಯೊ ಹಿಡಿದಿದ್ದ ಆ ಹುಡುಗಿ ಎದ್ದಳು.

"ನಾನು ಮಾರನೇ ದಿನವೇ ಅಳಿಸಿದೆ, ಟೀಚರ್. ತಪ್ಪಾಯ್ತು. ಆದ್ರೆ ಅಪ್ಪನ ಮೊಬೈಲಿಗೆ ಮತ್ತೆ ಬಂತು. ಮೇಷ್ಟ್ರು ಕಳ್ಸಿದ್ರು."

"ಎಲ್ಲರೂ ಕಳಿಸ್ತಿದ್ರು, ಹಾಗಾಗಿ..." ಎಂದರು ಮೇಷ್ಟ್ರು.

ಮುಖ್ಯೋಪಾಧ್ಯಾಯಿನಿ ಹಲಗೆಯ ಮೇಲೆ ಬರೆದಿದ್ದ ನಿಯಮದಲ್ಲಿ 'ಮಕ್ಕಳ' ಎಂಬ ಪದವನ್ನು ಒರೆಸಿ 'ಎಲ್ಲರ' ಎಂದು ಬರೆದರು. ಕೇಳದೆ ಯಾರ ಚಿತ್ರವನ್ನೂ ಹಿಡಿಯಬಾರದು, ಬಂದದ್ದನ್ನು ಮುಂದಕ್ಕೆ ದಾಟಿಸಬಾರದು ಎಂದೂ ಸೇರಿಸಿದರು. ಮೇಷ್ಟ್ರು ಟೀಚರ್ ಎದುರೇ ಆ ವಿಡಿಯೊ ಅಳಿಸಿದರು. "ತೋರಿಸ್ಲಾ, ಒಂದ್ಸಲ?" ಎಂದು ಮೊದಲು ಕೇಳಿದ್ದರು. "ಬೇಡ" ಎಂದರು ಟೀಚರ್. ಅವರ ಮನಸ್ಸೇನೂ ಹಗುರವಾಗಲಿಲ್ಲ. ಜೇಬುಗಳನ್ನು ಮಡಚಿಕೊಂಡು ಮನೆಗೆ ಹೋಗಿ ಹೊಲಿಗೆ ಬಿಚ್ಚತೊಡಗಿದರು.

ಹೊಸ ಜೇಬುಗಳು ಗೋಡೆಗೇರಿದವು. ಕೊನೆಯದಕ್ಕೆ ಟೀಚರ್ ತಮ್ಮ ಫೋನನ್ನೂ ಹಾಕಿದರು; ಅದು ತಳಕ್ಕೆ ಜಾರಿ ಕಾಣದಾಯಿತು. ತರಗತಿಯಲ್ಲಿ ಯಂತ್ರಗಳ ಸದ್ದು ಮಾತ್ರ. ಹುಡುಗಿಯ ಯಂತ್ರದಲ್ಲಿ ದಾರ ಕಡಿಯಿತು. ಅವಳು ಅದರ ಬೆನ್ನು ಸವರಿ, ಮೆಲ್ಲಗೆ, "ಯಾಕಮ್ಮ ಮುನಿಸು?" ಎಂದಳು.

ಯಾರೂ ನಗಲಿಲ್ಲ. ಎಲ್ಲರ ಕಣ್ಣು ಟೀಚರ್ ನಿಂತಿದ್ದ ಕಿಟಕಿಯ ಕಡೆಗೆ.

"ಎಣ್ಣೆ ಹಾಕು. ಬರೀ ಮಾತಿಗೆ ಓಡಲ್ಲ ಅದು" ಎಂದರು ಟೀಚರ್.

ಆಮೇಲೆ ತಮ್ಮ ಯಂತ್ರದ ಧೂಳು ಒರೆಸಿ, ಸ್ಟೂಲು ಎಳೆದುಕೊಂಡು ಕೂತರು. ಸೂಜಿಗೆ ದಾರ ಪೋಣಿಸಿದರು. ಯಂತ್ರದ ಜೊತೆ ಮಾತ್ರ ಮಾತಾಡಲಿಲ್ಲ.